ತಾಯಿಯನ್ನು ಕಳಕೊಂಡ ನಾಲ್ವರು ಮಕ್ಕಳ ತಂದೆ: ಯೋಹಾನ್ ಸೆಬಾಸ್ತಿಯನ್ ಬಾಖ್

ನಮ್ಮ ದೇವಾಲಯಗಳಲ್ಲಿ ಹಾಡುವ ಗೀತಗಳೊಳಗೆ ಕೆಲವಕ್ಕೆ ಜರ್ಮನ್ ದೇಶದ ರಾಗಗಳು ಉಂಟೆಂದು ನೀವು ಬಲ್ಲಿರಿ. 1834ರಿಂದ ಮಂಗಳೂರಿಗೆ ಬರತೊಡಗಿದ ಬಾಸೆಲ್ ಮಿಶನಿನ ಬೋಧಕರು ಅವುಗಳನ್ನು ತಮ್ಮ ಸಂಗಡ ತಂದರು. ಇಂಥ ರಾಗಗಳನ್ನು ನಾಲ್ಕು ಕಂಠಗಳು ಕೂಡಿ ಹಾಡುವಂತೆ ಸ್ವರ ಜೋಡಿಸಿದವರಲ್ಲಿ ಯೋಹಾನ್ ಸೆಬಾಸ್ತಿಯನ್ ಬಾಖನ ಹೆಸರು ಎಲ್ಲರಿಗಿಂತ ಮುಂದಾಗಿ ನಿಲ್ಲುತ್ತದೆ. ಅವನ ಸಂಗೀತವನ್ನು ಕುರಿತು ಪಂಡಿತರು ಅನೇಕ ಗ್ರಂಥಗಳನ್ನು ಬರೆದಿದ್ದಾರೆ. ನಾವು ಈಗ ಹೇಳುವದು ಅದಲ್ಲ. ಹೆಂಡತಿಯು ಅಕಸ್ಮಾತ್ತಾಗಿ ತೀರಿಹೋದ ಮೇಲೆ ಅವನು ತನ್ನ ನಾಲ್ವರು ಮಕ್ಕಳನ್ನು ಹೇಗೆ ಬೆಳಸಿದನೆಂಬದೇ ನಮ್ಮ ವಿಷಯ. ಇಂಥ ಮನೆಯೊಂದಾದರೂ ಇಲ್ಲದ ಸಭೆ ಯಾವದು? ಆದಕಾರಣ ಈ ಚರಿತ್ರೆಯು ನಮಗೆ ದೂರದ್ದಲ್ಲ.

ಬಾಖನು 1685ರಲ್ಲಿ ಐಸೆನಾಖ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ಮಾರ್ಟಿನ್ ಲೂಥರನು ಬಾಲ್ಯದಲ್ಲಿ ಓದಿದ ಊರು ಅದೇ. ತಂದೆಯು ಆ ಪಟ್ಟಣದ ವಾದ್ಯಗಾರನು. ವಂಶದವರೆಲ್ಲರೂ ತಲತಲಾಂತರದಿಂದ ಸಂಗೀತದಿಂದಲೇ ಜೀವನಮಾಡುತ್ತಿದ್ದರು. 1694ನೇ ವರುಷದ ಮೇ ತಿಂಗಳಲ್ಲಿ ಹುಡುಗನ ತಾಯಿಯು ಸತ್ತಳು. ತಂದೆಯು ಅದೇ ವರುಷದ ಕೊನೆಯಲ್ಲಿ ಮತ್ತೊಬ್ಬಳನ್ನು ಮದುವೆಯಾದನು. ಆದರೆ ಮೂರು ತಿಂಗಳು ತುಂಬುವದರೊಳಗೆ, 1695ರ ಫೆಬ್ರವರಿಯಲ್ಲಿ, ತಾನೂ ತೀರಿಹೋದನು. ಹೀಗೆ ಹತ್ತು ವರುಷ ತುಂಬುವದಕ್ಕೆ ಮುಂಚೆಯೇ ಸೆಬಾಸ್ತಿಯನನು ತಾಯಿಯೂ ತಂದೆಯೂ ಇಲ್ಲದವನಾದನು. ಓರ್ಡ್ರುಫ್ ಎಂಬ ಊರಿನಲ್ಲಿ ದೇವಾಲಯದ ವಾದ್ಯ ನುಡಿಸುತ್ತಿದ್ದ ಹಿರಿಯಣ್ಣನಾದ ಯೋಹಾನ್ ಕ್ರಿಸ್ಟೋಫನು ಅವನನ್ನೂ ಅವನ ಇನ್ನೊಬ್ಬ ಅಣ್ಣನನ್ನೂ ತನ್ನ ಮನೆಗೆ ಕರಕೊಂಡನು. ಆ ಹಿರಿಯಣ್ಣನಿಗೆ ಆಗ ಇಪ್ಪತ್ತಮೂರೇ ವರುಷ ಪ್ರಾಯ.

ಆ ಮನೆಯಲ್ಲಿ ಹುಡುಗನಿಗೆ ಅನ್ನವೂ ಶಾಲೆಯೂ ಸಂಗೀತದ ಪಾಠವೂ ದೊರೆತವು. ಆದರೂ ಒಂದು ಸಂಗತಿಯನ್ನು ಅವನ ಮಕ್ಕಳು ಮುಂದೆ ಹೇಳುತ್ತಿದ್ದರು. ಅಣ್ಣನ ಹತ್ತಿರ ಒಳ್ಳೇ ಸಂಗೀತದ ಪುಸ್ತಕವೊಂದಿತ್ತು. ತಮ್ಮನು ಎಷ್ಟು ಬೇಡಿಕೊಂಡರೂ ಅವನು ಅದನ್ನು ಕೊಡದೆ ಸರಳುಗಳಿದ್ದ ಬೀರುವಿನಲ್ಲಿ ಬೀಗಹಾಕಿ ಇಟ್ಟಿದ್ದನು. ಹುಡುಗನು ರಾತ್ರಿಯಲ್ಲಿ ಸರಳುಗಳ ಸಂದಿನಿಂದ ತನ್ನ ಚಿಕ್ಕ ಕೈಯನ್ನು ಹಾಕಿ ಪುಸ್ತಕವನ್ನು ಹೊರಗೆ ತೆಗೆದು, ದೀಪವಿಲ್ಲದ ಕಾರಣ ಬೆಳದಿಂಗಳಲ್ಲಿಯೇ ಕೂತು, ಆರು ತಿಂಗಳಲ್ಲಿ ಅದನ್ನೆಲ್ಲಾ ನಕಲು ಮಾಡಿದನಂತೆ. ಅಣ್ಣನಿಗೆ ಇದು ತಿಳಿದಾಗ ಅವನು ಆ ನಕಲನ್ನೂ ಕಸಕೊಂಡನಂತೆ. ಈ ಸಂಗತಿಯನ್ನು ನೆನಪಿನಲ್ಲಿಡಿರಿ. ಇದರ ಪ್ರಯೋಜನವು ಮುಂದೆ ಕಾಣುವದು.

1707ರಲ್ಲಿ ಬಾಖನು ತನ್ನ ಸಂಬಂಧಿಯಾದ ಮರಿಯಾ ಬಾರ್ಬರಾ ಎಂಬವಳನ್ನು ಮದುವೆಯಾದನು. ಅವಳೂ ತಾಯಿತಂದೆಗಳನ್ನು ಕಳಕೊಂಡವಳೇ. ಅನಾಥರಾಗಿ ಬೆಳೆದ ಈ ಇಬ್ಬರು ಕೂಡಿ ಒಂದು ಮನೆಯನ್ನು ಕಟ್ಟಿದರು. ಅವರಿಗೆ ಏಳು ಮಕ್ಕಳು ಹುಟ್ಟಿದರು. 1713ರಲ್ಲಿ ಹುಟ್ಟಿದ ಅವಳಿ ಮಕ್ಕಳು ಬೇಗನೆ ಸತ್ತವು. 1718ರಲ್ಲಿ ಹುಟ್ಟಿದ ಗಂಡುಕೂಸು ಒಂದು ವರುಷವೂ ತುಂಬದೆ ಸತ್ತಿತು. ಉಳಿದವರು ನಾಲ್ವರು: ಕಾತರೀನಾ ಡೊರೊಥೇಯಾ ಎಂಬ ಹಿರೀ ಮಗಳು, ವಿಲ್ಹೆಲ್ಮ್ ಫ್ರೀಡೆಮಾನ್, ಕಾರ್ಲ್ ಫಿಲಿಪ್ ಇಮಾನ್ವೆಲ್, ಗೊಟ್‌ಫ್ರೀಡ್ ಬೆರ್ನ್‌ಹಾರ್ಡ್ ಎಂಬ ಮೂವರು ಗಂಡುಮಕ್ಕಳು. ಮರಿಯಾ ಬಾರ್ಬರಾಳ ಅಕ್ಕನಾದ ಫ್ರೀಡೆಲೇನಾ ಎಂಬವಳೂ ಮದುವೆಯಾಗದೆ ಇವರ ಮನೆಯಲ್ಲಿಯೇ ಇದ್ದು ಮಕ್ಕಳಿಗೆ ದೊಡ್ಡಮ್ಮನಾಗಿ ಮನೆಗೆಲಸದಲ್ಲಿ ಸಹಾಯಮಾಡುತ್ತಿದ್ದಳು.

1717ರಲ್ಲಿ ಬಾಖನು ಕೋಥೆನ್ ಎಂಬ ಚಿಕ್ಕ ಸಂಸ್ಥಾನಕ್ಕೆ ಹೋಗಿ ಅಲ್ಲಿನ ಅರಸನಾದ ಲಿಯೊಪೋಲ್ಡನ ಸಂಗೀತಗಾರರಿಗೆ ಮುಖ್ಯಸ್ಥನಾದನು. ಅರಸನು ಪ್ರಾಯಸ್ಥನು, ಸಂಗೀತಪ್ರಿಯನು, ಬಾಖನನ್ನು ಬಹಳವಾಗಿ ಸನ್ಮಾನಿಸಿದವನು. 1720ರಲ್ಲಿ ಅರಸನು ಆರೋಗ್ಯಕ್ಕಾಗಿ ಕಾರ್ಲ್ಸ್‌ಬಾಡಿನ ಬಿಸಿನೀರಿನ ಬುಗ್ಗೆಗಳಿಗೆ ಹೊರಟು ಬಾಖನನ್ನೂ ಕೆಲವು ವಾದ್ಯಗಾರರನ್ನೂ ಸಂಗಡ ಕರಕೊಂಡು ಹೋದನು. ಬಾಖನು ಮನೆಬಿಡುವಾಗ ಹೆಂಡತಿಯು ಆರೋಗ್ಯವಾಗಿಯೇ ಇದ್ದಳು. ಕೆಲವು ವಾರಗಳ ಮೇಲೆ ಅವನು ತಿರಿಗಿ ಬಂದು ಮನೆಯ ಹೊಸ್ತಿಲನ್ನು ದಾಟಿದಾಗಲೇ ತಿಳಿದ ವರ್ತಮಾನವೇನಂದರೆ, ಅವಳು ಕಾಯಿಲೆಬಿದ್ದು ಸತ್ತಿದ್ದಳು. ಅವಳನ್ನು ಹೂಣಿಟ್ಟೂ ಆಗಿತ್ತು. ಸಮಾಧಿಯಾದ ದಿವಸವು 1720ನೇ ಜುಲೈ 7. ಅವಳ ಪ್ರಾಯ ಮೂವತ್ತೈದು.

ಪ್ರಿಯರೇ, ಆ ಮನೆಯ ಸ್ಥಿತಿಯನ್ನು ಸ್ವಲ್ಪ ಯೋಚಿಸಿ ನೋಡಿರಿ. ಹಿರೀ ಮಗಳಿಗೆ ಹನ್ನೊಂದು ವರುಷ, ಫ್ರೀಡೆಮಾನನಿಗೆ ಒಂಭತ್ತು, ಇಮಾನ್ವೆಲನಿಗೆ ಆರು, ಬೆರ್ನ್‌ಹಾರ್ಡನಿಗೆ ಐದು. ಹತ್ತು ತಿಂಗಳಿಗೆ ಹಿಂದೆ ಇದೇ ಮನೆಯಿಂದ ಅವರ ಎಳೇ ತಮ್ಮನ ಶವವು ಹೋಗಿತ್ತು. ಈಗ ತಾಯಿಯ ಶವವು ಹೋಯಿತು. ಆ ವೇಳೆಯಲ್ಲಿ ತಂದೆಯು ಹತ್ತಿರವಿರಲಿಲ್ಲ. ಆ ಕಾಲದಲ್ಲಿ ತಂತಿಯಿಲ್ಲ, ರೈಲಿಲ್ಲ. ಕಾರ್ಲ್ಸ್‌ಬಾಡು ಅನೇಕ ದಿವಸಗಳ ಪ್ರಯಾಣದ ದಾರಿ. ಹೆಂಡತಿಯ ಮುಖವನ್ನು ಕಡೇ ಸಾರಿ ನೋಡುವದಾಗಲಿ ಸಮಾಧಿಯ ಬಳಿಯಲ್ಲಿ ಮಕ್ಕಳ ಕೈ ಹಿಡಿದು ನಿಲ್ಲುವದಾಗಲಿ ಬಾಖನಿಗೆ ಆಗಲಿಲ್ಲ.

ತನ್ನ ದುಃಖವನ್ನು ಕುರಿತು ಬಾಖನು ಬರೆದ ಒಂದು ಮಾತೂ ಉಳಿದಿಲ್ಲ. ಆದರೆ ಅವನು ಸತ್ತ ಮೇಲೆ ಅವನ ಜೀವನಚರಿತ್ರೆಯು ಸಂಕ್ಷೇಪವಾಗಿ ಬರೆಯಲ್ಪಟ್ಟು 1754ರಲ್ಲಿ ಅಚ್ಚಾಯಿತು. ಅದನ್ನು ಬರೆದ ಇಬ್ಬರಲ್ಲಿ ಒಬ್ಬನು ಅವನ ಮಗನಾದ ಇಮಾನ್ವೆಲನು. ತಂದೆಯು ಸುಖವಾಗಿದ್ದ ಹೆಂಡತಿಯನ್ನು ಬಿಟ್ಟುಹೋದದ್ದು, ಹಿಂದಿರುಗಿ ಮನೆಯೊಳಗೆ ಕಾಲಿಟ್ಟಾಗಲೇ ಅವಳ ಕಾಯಿಲೆಯ ಸುದ್ದಿಯೂ ಮರಣದ ಸುದ್ದಿಯೂ ಒಟ್ಟಿಗೆ ತಿಳಿದದ್ದು, ಇವೆಲ್ಲವೂ ಆ ಚಿಕ್ಕ ಚರಿತ್ರೆಯಲ್ಲಿ ಉಂಟು. ಅದು ನಡೆದಾಗ ಇಮಾನ್ವೆಲನಿಗೆ ಆರೇ ವರುಷ. ಅದನ್ನು ಬರೆದಾಗ ಅವನು ಅರಸನ ಸೇವೆಯಲ್ಲಿದ್ದ ಪ್ರಸಿದ್ಧ ಮನುಷ್ಯನು. ಮೂವತ್ತು ವರುಷಗಳು ಕಳೆದರೂ ಆ ಹೊಸ್ತಿಲಿನ ಸಂಗತಿಯು ಆ ಮನೆಯಲ್ಲಿ ಮರೆತುಹೋಗಿರಲಿಲ್ಲ. ಚಿಕ್ಕ ಮಕ್ಕಳು ಬೇಗನೆ ಆಟಕ್ಕೆ ಓಡುವದನ್ನು ಕಂಡು, ಇವಕ್ಕೆ ಏನೂ ತಿಳಿಯದು, ಎಲ್ಲವನ್ನೂ ಮರೆತುಬಿಟ್ಟವು ಎಂದು ನಾವು ಅಂದುಕೊಳ್ಳುತ್ತೇವೆ. ಅದು ಸರಿಯಲ್ಲ. ಮಗುವಿನ ದುಃಖವು ಬಾವಿಯ ನೀರಿನಂತೆ ಕೆಳಗೆ ನಿಂತಿರುತ್ತದೆ. ಮೇಲಿನಿಂದ ನೋಡುವವನಿಗೆ ಕಾಣದು.

ಹಾಗಾದರೆ ಬಾಖನು ಏನು ಮಾಡಿದನು? ಮೊದಲನೆಯದಾಗಿ, ಮಕ್ಕಳನ್ನು ಅಲ್ಲಲ್ಲಿಗೆ ಹಂಚಿಬಿಡಲಿಲ್ಲ. ತಾಯಿ ಸತ್ತ ಮೇಲೆ ಒಬ್ಬನನ್ನು ಸೋದರಮಾವನ ಮನೆಗೆ, ಒಬ್ಬಳನ್ನು ಅಜ್ಜಿಯ ಮನೆಗೆ ಕಳುಹಿಸಿ, ತಾಯಿಯನ್ನು ಕಳಕೊಂಡ ಮಕ್ಕಳು ಒಬ್ಬರನ್ನೊಬ್ಬರು ಸಹ ಕಳಕೊಳ್ಳುವಂತೆ ಮಾಡುವದು ನಮ್ಮಲ್ಲಿಯೂ ಉಂಟು. ಕೆಲವು ಸಾರಿ ಬಡತನದಿಂದ ಹಾಗೆ ಮಾಡಲೇಬೇಕಾಗುವದು. ಬಾಖನ ನಾಲ್ವರು ಮಕ್ಕಳಾದರೋ ಒಂದೇ ಮಾಡಿನ ಕೆಳಗೆ ಬೆಳೆದರು. ದೊಡ್ಡಮ್ಮನಾದ ಫ್ರೀಡೆಲೇನಾಳು ಅವರನ್ನು ಬಿಟ್ಟು ಹೋಗಲಿಲ್ಲ. ತಂಗಿಯು ಸತ್ತ ಮೇಲೆಯೂ, ಆ ಮನೆಗೆ ಹೊಸ ಯಜಮಾನಿಯು ಬಂದ ಮೇಲೆಯೂ, 1729ರಲ್ಲಿ ತಾನು ಸಾಯುವ ತನಕವೂ ಅವಳು ಅಲ್ಲೇ ಇದ್ದಳು. ತಾಯಿಯ ರಕ್ತಸಂಬಂಧಿಯೂ ತಾಯಿಯ ಬಾಲ್ಯವನ್ನು ಬಲ್ಲವಳೂ ಆದ ಒಬ್ಬಳು ಮಕ್ಕಳ ಕಣ್ಣ ಮುಂದೆ ಒಂಭತ್ತು ವರುಷ ಇದ್ದದ್ದು ಚಿಕ್ಕ ಉಪಕಾರವಲ್ಲ. ಅವಳನ್ನು ಇಟ್ಟುಕೊಂಡ ಬಾಖನನ್ನೂ, ಅನಂತರ ಬಂದ ಹೆಂಡತಿಯನ್ನೂ ನಾವು ಹೊಗಳಬೇಕು.

ಎರಡನೆಯದಾಗಿ, ದಿನದ ಕ್ರಮವು ನಿಲ್ಲಲಿಲ್ಲ. ತಾಯಿ ಸಾಯುವದಕ್ಕೆ ಆರು ತಿಂಗಳು ಮುಂಚೆ, 1720ನೇ ಜನವರಿ 22ರಲ್ಲಿ, ಬಾಖನು ಫ್ರೀಡೆಮಾನನಿಗೋಸ್ಕರ ಒಂದು ಚಿಕ್ಕ ಸಂಗೀತದ ಪುಸ್ತಕವನ್ನು ತನ್ನ ಸ್ವಂತ ಕೈಯಿಂದ ಬರೆಯಲಿಕ್ಕೆ ಪ್ರಾರಂಭಿಸಿದ್ದನು. ಹಾರ್ಮೋನಿಯಮಿನಂತೆ ಬೆರಳುಗಳಿಂದ ಒತ್ತಿ ನುಡಿಸುವ ತಂತಿವಾದ್ಯವನ್ನು ಕಲಿಯುವದಕ್ಕಾಗಿ ಆ ಪುಸ್ತಕ. ಸ್ವರದ ಗುರುತುಗಳು ಮೊದಲು, ಯಾವ ಬೆರಳನ್ನು ಎಲ್ಲಿ ಇಡಬೇಕೆಂಬದು ಆಮೇಲೆ, ಅನಂತರ ಸುಲಭವಾದ ಪಾಠಗಳು, ಹೀಗೆ ಮೆಟ್ಟಲು ಮೆಟ್ಟಲಾಗಿ ಏರುತ್ತದೆ. ಬೆರಳುಗಳನ್ನು ಕಲಿಸುವ ಮೊದಲನೇ ಪಾಠದ ತಲೆಯಲ್ಲಿ ಯೇಸುವಿನ ನಾಮವನ್ನು ಸೂಚಿಸುವ ಅಕ್ಷರಗಳನ್ನು ಬಾಖನು ಬರೆದನು. ಜುಲೈ ತಿಂಗಳ ದುಃಖವು ಈ ಪುಸ್ತಕವನ್ನು ಮುಚ್ಚಲಿಲ್ಲ. ತಂದೆಯು ಬರೆದನು, ಮಗನೂ ಬರೆದನು. ಒಂದೇ ಪುಸ್ತಕದಲ್ಲಿ ಇಬ್ಬರ ಕೈಬರಹವೂ ಉಂಟು. ಇದರೊಳಗಿನ ಪಾಠಗಳಿಂದ ಬೆಳೆದ ಕೃತಿಗಳನ್ನು ಈ ಹೊತ್ತಿಗೂ ಲೋಕದ ಎಲ್ಲಾ ಕಡೆಗಳಲ್ಲಿ ಮಕ್ಕಳು ಕಲಿಯುತ್ತಾರೆ.

ಬೀಗಹಾಕಿದ ಬೀರುವಿನ ಸಂಗತಿಯನ್ನು ಈಗ ಜ್ಞಾಪಿಸಿಕೊಳ್ಳಿರಿ. ತಾಯಿತಂದೆಗಳಿಲ್ಲದ ಹುಡುಗನಾಗಿ ಬೆಳದಿಂಗಳಲ್ಲಿ ಕದ್ದು ಬರೆದವನು, ತಾನು ತಂದೆಯಾದಾಗ ತನ್ನ ಮಗನಿಗೆ ತಾನೇ ಪುಸ್ತಕವನ್ನು ಬರೆದುಕೊಟ್ಟನು. ತನಗೆ ದೊರೆತ ಒಳ್ಳೇದನ್ನು ಮಕ್ಕಳಿಗೆ ಕೊಡುವದು ಎಲ್ಲರಿಗೂ ಸಹಜ. ತನಗೆ ದೊರೆಯದೆ ಹೋದದ್ದನ್ನು ಹುಡುಕಿ ಕೊಡುವದಕ್ಕೆ ಹೆಚ್ಚು ಪ್ರೀತಿ ಬೇಕು. ದುಃಖದಲ್ಲಿರುವ ಮಗುವಿಗೆ ದೊಡ್ಡ ಉಪದೇಶಗಳು ತಲೆಗೆ ಹತ್ತವು. ಆದರೆ ತಂದೆಯು ನಿನ್ನೆ ಕೂತ ಜಾಗದಲ್ಲಿ ಈ ಹೊತ್ತೂ ಪಕ್ಕದಲ್ಲಿ ಕೂತು, ನಿನ್ನೆಯ ಪಾಠದ ಮುಂದಿನ ಪಾಠವನ್ನು ಹೇಳಿಕೊಡುವದಾದರೆ, ಲೋಕವೆಲ್ಲಾ ಬಿದ್ದುಹೋಗಲಿಲ್ಲವೆಂದು ಅದಕ್ಕೆ ತಿಳಿಯುತ್ತದೆ. ಬೇಸಾಯಗಾರನ ಮನೆಯಲ್ಲಿ ಅದು ಸಂಗೀತವಾಗದೆ ಇರಬಹುದು. ನೇಗಿಲು ಕಟ್ಟುವದು, ದನಕ್ಕೆ ಹುಲ್ಲು ಹಾಕುವದು, ಸಾಯಂಕಾಲ ಕೂಡಿ ಪ್ರಾರ್ಥನೆಮಾಡುವದು ಇವುಗಳೂ ಸಾಕು.

ಆ ವರುಷದ ನವೆಂಬರಿನಲ್ಲಿ ಬಾಖನು ಹಾಂಬುರ್ಗ್ ಪಟ್ಟಣಕ್ಕೆ ಹೋದನು. ಅಲ್ಲಿನ ಒಂದು ದೇವಾಲಯದ ವಾದ್ಯಗಾರನ ಕೆಲಸವು ಖಾಲಿಯಾಗಿತ್ತು. ರೈಂಕನ್ ಎಂಬ ವೃದ್ಧನಾದ ಪ್ರಸಿದ್ಧ ವಾದ್ಯಗಾರನು ಕೇಳುತ್ತಿರುವಾಗ, ಬಾಬೆಲಿನ ನದಿಗಳ ಬಳಿಯಲ್ಲಿ ಕೂತು ಅತ್ತವರ ಕೀರ್ತನೆಯ ರಾಗವನ್ನು ಹಿಡಿದು ಸುಮಾರು ಅರ್ಧ ತಾಸು ಮನಸ್ಸಿನಿಂದಲೇ ವಿಸ್ತರಿಸಿ ನುಡಿಸಿದನು. ಆದರೆ ಆ ಕೆಲಸವು ಅವನಿಗೆ ಆಗಲಿಲ್ಲ. ಪರೀಕ್ಷೆಯ ದಿವಸಕ್ಕೆ ಮುಂಚೆಯೇ ಅವನು ಅರಸನ ಸೇವೆಗೆ ಹಿಂದಿರುಗಬೇಕಾಯಿತು. ಆ ಸ್ಥಾನವನ್ನು ಪಡೆದವನು ದೇವಾಲಯದ ಬೊಕ್ಕಸಕ್ಕೆ 4000 ಮಾರ್ಕು ಹಣ ಕೊಟ್ಟವನು.

ಹೆಂಡತಿಯು ಸತ್ತ ಸುಮಾರು ಹದಿನೇಳು ತಿಂಗಳ ಮೇಲೆ, 1721ನೇ ಡಿಸೆಂಬರ್ 3ರಲ್ಲಿ, ಬಾಖನು ಆನ್ನಾ ಮಗ್ದಲೇನಾ ಎಂಬವಳನ್ನು ಮದುವೆಯಾದನು. ಅವಳು ಅರಮನೆಯಲ್ಲಿ ಹಾಡುತ್ತಿದ್ದ ಗಾಯಕಿ, ಪ್ರಾಯ ಇಪ್ಪತ್ತು. ಹಿರೀ ಮಗಳಿಗೆ ಆಗ ಹದಿಮೂರು ತುಂಬುತ್ತಿತ್ತು. ಹೀಗೆ ತನಗಿಂತ ಏಳೆಂಟು ವರುಷ ಚಿಕ್ಕವಳಿಗೆ ತಾಯಿಯಾಗಬೇಕಾದ ಕಷ್ಟವು ಅವಳದು. ಏಳೆಂಟು ವರುಷ ದೊಡ್ಡವಳನ್ನು ತಾಯಿಯೆನ್ನಬೇಕಾದ ಕಷ್ಟವು ಹುಡುಗಿಯದು. ಮಲತಾಯಿಯೆಂದರೆ ಕ್ರೂರಳೆಂದು ಹೇಳುವ ಕಥೆಗಳು ಎಲ್ಲಾ ದೇಶಗಳಲ್ಲಿ ಉಂಟು. ಈ ಮನೆಯ ಚರಿತ್ರೆಯು ಬೇರೆ ವಿಧವಾಗಿದೆ. 1722ರಲ್ಲಿಯೂ 1725ರಲ್ಲಿಯೂ ಬಾಖನು ಈ ಹೆಂಡತಿಗೂ ಸಂಗೀತದ ಪುಸ್ತಕಗಳನ್ನು ಮಾಡಿಕೊಟ್ಟನು. ಎರಡನೇ ಪುಸ್ತಕದಲ್ಲಿ ಹುಡುಗನಾದ ಇಮಾನ್ವೆಲನು ತಾನೇ ರಚಿಸಿದ ಕೆಲವು ಚಿಕ್ಕ ಕೃತಿಗಳೂ ಸೇರಿವೆ. ತಾಯಿಯನ್ನು ಕಳಕೊಂಡ ಹುಡುಗನ ಮೊದಲನೇ ಪ್ರಯತ್ನಗಳಿಗೆ ಮಲತಾಯಿಯ ಪುಸ್ತಕದಲ್ಲಿ ಸ್ಥಳ ದೊರೆಯಿತು. 1730ರಲ್ಲಿ ಬಾಖನು ಒಬ್ಬ ಬಾಲ್ಯಸ್ನೇಹಿತನಿಗೆ ಬರೆದ ಪತ್ರದಲ್ಲಿ, ತನ್ನ ಮಕ್ಕಳೆಲ್ಲರೂ ಸಂಗೀತಕ್ಕಾಗಿಯೇ ಹುಟ್ಟಿದವರು, ಮನೆಯವರಿಂದಲೇ ಒಂದು ಮೇಳವನ್ನು ನಡಿಸಬಹುದು, ಹೆಂಡತಿಯ ಕಂಠವು ಶುದ್ಧವಾದದ್ದು, ಹಿರೀ ಮಗಳೂ ಚೆನ್ನಾಗಿ ಕೂಡಿಕೊಳ್ಳುತ್ತಾಳೆ ಎಂದು ಸಂತೋಷದಿಂದ ತಿಳಿಸಿದ್ದಾನೆ. ಮಲತಾಯಿಯೂ ಮಗಳೂ ಒಂದೇ ಹಾಡಿನಲ್ಲಿ ಸೇರಿದ್ದರು. ಅದಕ್ಕೆ ಹತ್ತು ವರುಷಗಳು ಬೇಕಾಗಿದ್ದವೆಂಬದನ್ನು ಮರೆಯಬಾರದು.

1723ರಲ್ಲಿ ಬಾಖನು ಕೋಥೆನನ್ನು ಬಿಟ್ಟು ಲೈಪ್ಸಿಗ್ ಪಟ್ಟಣಕ್ಕೆ ಹೋದನು. ಅರಮನೆಯ ಸಂಗೀತದ ಮುಖ್ಯಸ್ಥನಾಗಿದ್ದವನು ಅಲ್ಲಿ ಸಂತ ತೋಮನ ಶಾಲೆಯಲ್ಲಿ ಹುಡುಗರಿಗೆ ಹಾಡು ಕಲಿಸುವ ಉಪಾಧ್ಯಾಯನೂ ದೇವಾಲಯಗಳ ಸಂಗೀತಕ್ಕೆ ಜವಾಬ್ದಾರನೂ ಆದನು. ಈ ಬದಲಾವಣೆಯು ಮರ್ಯಾದೆಯಲ್ಲಿ ಒಂದು ಮೆಟ್ಟಲು ಇಳಿದಂತೆ ಅವನಿಗೆ ಮೊದಲು ಕಂಡಿತು. ಆದರೂ ಒಪ್ಪಿದ ಕಾರಣಗಳಲ್ಲಿ ಒಂದು, ಗಂಡುಮಕ್ಕಳು ವಿದ್ಯೆಯ ಕಡೆಗೆ ಮನಸ್ಸುಳ್ಳವರಾಗಿ ತೋರಿದರೆಂಬದೇ. ಇದನ್ನು ಅವನು ಅದೇ ಪತ್ರದಲ್ಲಿ ಹೇಳಿದ್ದಾನೆ. ಅಲ್ಲಿ ಒಳ್ಳೇ ಶಾಲೆಯೂ ವಿಶ್ವವಿದ್ಯಾಲಯವೂ ಇದ್ದವು. ಊರಿಗೆ ಬಂದ ಮುಂದಿನ ತಿಂಗಳಲ್ಲಿಯೇ ಫ್ರೀಡೆಮಾನನೂ ಇಮಾನ್ವೆಲನೂ ಆ ಶಾಲೆಗೆ ಸೇರಿದರು. ಮುಂದೆ ಇಬ್ಬರೂ ವಿಶ್ವವಿದ್ಯಾಲಯದಲ್ಲಿಯೂ ಓದಿದರು. ಫ್ರೀಡೆಮಾನನು 1733ರಲ್ಲಿ ಡ್ರೆಸ್ಡೆನಿನ ಒಂದು ದೇವಾಲಯದ ವಾದ್ಯಗಾರನಾದನು. ಇಮಾನ್ವೆಲನು ಪ್ರಶ್ಯ ದೇಶದ ಫ್ರೆಡ್ರಿಕ್ ಅರಸನ ಸೇವೆಯಲ್ಲಿ ಪ್ರಸಿದ್ಧನಾದನು.

ಇಲ್ಲಿಗೆ ಮುಗಿಸಿದರೆ ಚರಿತ್ರೆಯು ಇಂಪಾಗಿರುವದು, ಆದರೆ ಸತ್ಯವಾಗಿರುವದಿಲ್ಲ. ತಾಯಿ ಸತ್ತಾಗ ಐದು ವರುಷದವನಾಗಿದ್ದ ಬೆರ್ನ್‌ಹಾರ್ಡನ ವಿಷಯವನ್ನೂ ಹೇಳಬೇಕು. ಅವನಿಗೂ ಅದೇ ತಂದೆ, ಅದೇ ದೊಡ್ಡಮ್ಮ, ಅದೇ ಪಾಠಗಳು. 1735ರಲ್ಲಿ ತಂದೆಯ ಸಹಾಯದಿಂದ ಮ್ಯೂಲ್‌ಹೌಸೆನಿನಲ್ಲಿ ಅವನಿಗೆ ಕೆಲಸ ದೊರೆಯಿತು. ಅಲ್ಲಿ ಸಾಲಮಾಡಿದನು, ತಂದೆಯು ಸಾಲ ತೀರಿಸಿದನು. 1737ರಲ್ಲಿ ಸಾಂಗರ್‌ಹೌಸೆನಿನಲ್ಲಿ ಮತ್ತೊಂದು ಕೆಲಸವು ತಂದೆಯಿಂದಲೇ ದೊರೆಯಿತು. ಅಲ್ಲಿಯೂ ಸಾಲಮಾಡಿ, ಯಾರಿಗೂ ಹೇಳದೆ ಊರುಬಿಟ್ಟು ಹೋದನು. 1738ರ ಮೇ ತಿಂಗಳಲ್ಲಿ ಬಾಖನು ಅಲ್ಲಿನವರಿಗೆ ಬರೆದ ಪತ್ರವು ಉಳಿದಿದೆ. ಮಗನು ಎಲ್ಲಿದ್ದಾನೆಂದು ತನಗೆ ತಿಳಿಯದು, ಬುದ್ಧಿ ಹೇಳಿಯೂ ಸಹಾಯಮಾಡಿಯೂ ಆಯಿತು, ಇನ್ನು ತನ್ನ ಶಿಲುಬೆಯನ್ನು ತಾಳ್ಮೆಯಿಂದ ಹೊತ್ತುಕೊಂಡು ಮಗನನ್ನು ದೇವರ ಕರುಣೆಗೆ ಒಪ್ಪಿಸುವದೇ ಉಳಿದಿದೆ, ತನ್ನ ವ್ಯಥೆಯ ಮೊರೆಯನ್ನು ದೇವರು ಕೇಳುವನೆಂದು ನಂಬುತ್ತೇನೆ ಎಂಬದು ಅದರ ಅರ್ಥ. ಬೆರ್ನ್‌ಹಾರ್ಡನು ಯೇನಾ ಪಟ್ಟಣಕ್ಕೆ ಹೋಗಿ 1739ರ ಜನವರಿಯಲ್ಲಿ ನ್ಯಾಯಶಾಸ್ತ್ರವನ್ನು ಓದಲಿಕ್ಕೆ ಸೇರಿದ್ದನು. ಅದೇ ವರುಷದ ಮೇ 27ರಲ್ಲಿ ಜ್ವರದಿಂದ ಸತ್ತನು, ಪ್ರಾಯ ಇಪ್ಪತ್ತನಾಲ್ಕು.

ಇದು ಬಾಲ್ಯದ ದುಃಖದ ಫಲವೋ ಬೇರೆ ಕಾರಣದ ಫಲವೋ ಎಂದು ತೀರ್ಪುಮಾಡುವದು ನಮ್ಮ ಕೆಲಸವಲ್ಲ. ಒಂದೇ ಮನೆಯಲ್ಲಿ ಒಂದೇ ಮರಣವನ್ನು ಕಂಡ ನಾಲ್ವರು ಮಕ್ಕಳು ನಾಲ್ಕು ವಿಧವಾಗಿ ಬೆಳೆಯುತ್ತಾರೆ. ಒಬ್ಬನು ದಾರಿತಪ್ಪಿದನೆಂದು ತಂದೆಯ ಪ್ರಯಾಸವನ್ನು ಹಳಿಯಬಾರದು. ಇಬ್ಬರು ಮೇಲಕ್ಕೆ ಬಂದರೆಂದು ತಂದೆಯೇ ಅದನ್ನೆಲ್ಲಾ ಮಾಡಿದನೆಂದು ಹೊಗಳಲೂಬಾರದು. ಬಾಖನು ಮಗನ ಸಾಲವನ್ನು ತೀರಿಸಿದನು, ಎರಡನೇ ಸಾರಿ ಕೆಲಸ ಹುಡುಕಿಕೊಟ್ಟನು, ಕೈಯಿಂದ ಆಗುವದು ಮುಗಿದಾಗ ಪ್ರಾರ್ಥನೆಮಾಡಿದನು. ಪ್ರೀತಿಯಿಂದ ಸಾಕಿದ ಮಗುವಿಗಾಗಿ ಅಳುತ್ತಿರುವ ತಾಯಿತಂದೆಗಳು ನಮ್ಮ ಸಭೆಗಳಲ್ಲಿಯೂ ಇದ್ದಾರೆ. ಇಂಥ ದುಃಖವು ತಮ್ಮೊಬ್ಬರದಲ್ಲವೆಂದು ಅವರು ತಿಳಿಯಲಿ.

ಬಾಖನು 1750ನೇ ಜುಲೈ 28ರಲ್ಲಿ ತನ್ನ ಅರವತ್ತೈದನೇ ವರುಷದಲ್ಲಿ ತೀರಿಹೋದನು. ಎರಡು ಮದುವೆಗಳಿಂದ ಹುಟ್ಟಿದ ಇಪ್ಪತ್ತು ಮಕ್ಕಳಲ್ಲಿ ಒಂಭತ್ತು ಮಂದಿ ಆಗ ಜೀವದಿಂದಿದ್ದರು. ಆನ್ನಾ ಮಗ್ದಲೇನಾಳು ವಿಧವೆಯಾದಳು. ಹಿರೀ ಮಗಳು ಕಾತರೀನಾ ಮದುವೆಯಾಗದೆ ಮಲತಾಯಿಯ ಸಂಗಡಲೇ ಇದ್ದಳು. ಕೋಥೆನಿನಲ್ಲಿ ಹದಿಮೂರು ವರುಷದ ಹುಡುಗಿಯಾಗಿ ಎದುರುಗೊಂಡ ಆ ಹೊಸ ತಾಯಿಯನ್ನು ಅವಳು ಕೊನೆಯ ವರೆಗೂ ಬಿಡಲಿಲ್ಲ. ಆದರೂ ಆನ್ನಾ ಮಗ್ದಲೇನಾಳು ಬಡತನದಲ್ಲಿ ಧರ್ಮದ ಹಣವನ್ನು ತಿಂದು ಬದುಕಿ 1760ರಲ್ಲಿ ಸತ್ತಳೆಂಬದನ್ನು ಓದುವಾಗ ಮನಸ್ಸು ನೋಯುತ್ತದೆ. ತನ್ನ ಮಕ್ಕಳಲ್ಲದವರನ್ನು ಸಾಕಿದ ತಾಯಿಯ ಮುಪ್ಪನ್ನು ನೋಡಿಕೊಳ್ಳುವವರು ಯಾರೆಂದು ನಮ್ಮ ಸಭೆಗಳೂ ಕೇಳಿಕೊಳ್ಳಬೇಕಾಗಿದೆ.

ಇನ್ನೊಂದು ಸಂಗತಿಯಿಂದ ಮುಗಿಸುತ್ತೇವೆ. ತಂದೆ ಸತ್ತಾಗ ಆನ್ನಾ ಮಗ್ದಲೇನಾಳ ಕಿರೀ ಮಗನಾದ ಯೋಹಾನ್ ಕ್ರಿಸ್ಟಿಯಾನನಿಗೆ ಹದಿನಾಲ್ಕೇ ವರುಷ. ಅವನನ್ನು ಬೆರ್ಲಿನಿನ ತನ್ನ ಮನೆಗೆ ಕರಕೊಂಡು ಹೋಗಿ ಸಾಕಿ ಸಂಗೀತವನ್ನು ಕಲಿಸಿದವನು ಯಾರಂದರೆ, ಆರು ವರುಷದವನಾಗಿ ತಾಯಿಯನ್ನು ಕಳಕೊಂಡ ಆ ಇಮಾನ್ವೆಲನೇ. ಐವತ್ತೈದು ವರುಷಗಳ ಹಿಂದೆ ಓರ್ಡ್ರುಫಿನ ಅಣ್ಣನು ಅನಾಥನಾದ ಸೆಬಾಸ್ತಿಯನನಿಗೆ ಬಾಗಲು ತೆರೆದಿದ್ದನು. ಈಗ ಸೆಬಾಸ್ತಿಯನನ ಮಗನು ಸೆಬಾಸ್ತಿಯನನ ಮತ್ತೊಬ್ಬ ಮಗನಿಗೆ ಬಾಗಲು ತೆರೆದನು.

ಹೆಂಡತಿಯನ್ನು ಇಲ್ಲವೆ ಗಂಡನನ್ನು ತಟ್ಟನೆ ಕಳಕೊಂಡು ಮಕ್ಕಳ ಮುಖವನ್ನು ನೋಡಲಾರದೆ ಕೂತಿರುವ ಪ್ರಿಯ ಸಹೋದರ ಸಹೋದರಿಯರೇ, ಮಕ್ಕಳ ಕಣ್ಣೀರನ್ನು ನಿಲ್ಲಿಸುವ ಶಕ್ತಿಯು ನಮಗಿಲ್ಲ, ಬಾಖನಿಗೂ ಇರಲಿಲ್ಲ. ತಾಯಿಯು ಊರಿಗೆ ಹೋಗಿದ್ದಾಳೆ, ನಾಳೆ ಬರುವಳು ಎಂದು ಮಕ್ಕಳಿಗೆ ಸುಳ್ಳು ಹೇಳಬೇಡಿರಿ. ಸತ್ತವರ ಹೆಸರನ್ನು ಮನೆಯಲ್ಲಿ ಮುಚ್ಚಿಡಬೇಡಿರಿ. ಆಗುವಷ್ಟು ಮಟ್ಟಿಗೆ ಮಕ್ಕಳನ್ನು ಕೂಡಿಸಿಡಿರಿ. ಸತ್ತವರ ಕಡೆಯ ಬಂಧುಗಳಿಗೆ ಬಾಗಲು ಹಾಕಬೇಡಿರಿ. ದಿವಸದ ಕೆಲಸವನ್ನೂ ಪಾಠವನ್ನೂ ಪ್ರಾರ್ಥನೆಯನ್ನೂ ಬಿಡಬೇಡಿರಿ. ನೆರೆಯವರಾದ ನಾವು ಸಮಾಧಿಯ ದಿವಸ ಮಾತ್ರ ಹೋಗಿ ಬಂದರೆ ಸಾಲದು. ಆರು ತಿಂಗಳ ಮೇಲೆಯೂ, ವರುಷದ ಮೇಲೆಯೂ ಆ ಮನೆಯ ಹೊಸ್ತಿಲನ್ನು ದಾಟಬೇಕು. ದಿಕ್ಕಿಲ್ಲದವರ ತಂದೆಯಾದ ದೇವರು ಅಂಥ ಮನೆಗಳನ್ನು ಕಾಯಲಿ.